ಅಮ್ಮನ ಹಾದಿಯಲ್ಲಿ: ಬಳ್ಳಾರಿ, ರಾಯಚೂರು, ಕೊಪ್ಪಳ

ಗುರುವಾರ, ಬಳ್ಳಾರಿ

ಅಮ್ಮ ತೀರಿಕೊಂಡು ನವೆಂಬರ್ ಕೊನೆಯ ವಾರಕ್ಕೆ ಒಂದು ವರ್ಷವಾಯಿತು. ಜ್ಞಾಪಕಾರ್ಥ ಆರಾಧನೆಯನ್ನು ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಚರ್ಚಿನಲ್ಲಿ ಗುರುವಾರ ಸಂಜೆಗೆ ಇಟ್ಟುಕೊಂಡು, ಮರುದಿನದಿಂದ ಭಾನುವಾರದವರೆಗೆ ಆಕೆ ದುಡಿದ, ಹುಟ್ಟಿದ, ಕೆಲಸದ ಮೇಲೆ ತಿರುಗಾಡಿದ ಊರುಗಳನ್ನು ಕಾರಿನಲ್ಲಿ ಸುತ್ತಿ ಬರುವುದೆಂದು ನಾನೂ ತಮ್ಮನೂ ಗೊತ್ತುಮಾಡಿಕೊಂಡಿದ್ದೆವು. ವಿಶ್ವವಿದ್ಯಾಲಯದ ಆಡಳಿತಕ್ಕೆ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ ಉಪಕುಲಸಚಿವೆಯಾಗಿ ನಿವೃತ್ತಳಾದ ಅಮ್ಮನಿಗೆ ಈ ಭಾಗದ ಪದವಿ ಕಾಲೇಜುಗಳ ಹೆಸರು, ಅವುಗಳ ಸಂಕೇತ ಸಂಖ್ಯೆ, ಅಲ್ಲಿಗೆ ಹೋಗುವ ಬಸ್ಸಿನ ವೇಳೆ ಎಲ್ಲವೂ ಬಾಯಿಪಾಠವಾಗಿದ್ದವು. ಅಂಥವಳ ಬದುಕನ್ನು ಮನೆಯೊಳಗೆ ಕುಳಿತು ನೆನೆದರೆ ಅರ್ಧವಷ್ಟೇ ಸಿಗುತ್ತದೆ ಎಂದು ನಮ್ಮಿಬ್ಬರಿಗೂ ಅನ್ನಿಸಿತ್ತು.

ಬೆಳಿಗ್ಗೆ ಕ್ರೈಸ್ತ ಸ್ಮಶಾನಕ್ಕೆ ಹೋಗಿ ಸಮಾಧಿಯನ್ನು ತೊಳೆದು ಸೇವಂತಿಗೆ ಇಟ್ಟೆವು. ಪಕ್ಕದಲ್ಲಿಯೇ ಅಪ್ಪನ ಸಮಾಧಿ. ಅಪ್ಪ ರೈಲ್ವೆ ನೌಕರ. ನಾವು ಇನ್ನೂ ಓದುತ್ತಿದ್ದಾಗಲೇ ಹೋದವರು. ಆಮೇಲಿನ ಮನೆಯ ಭಾರ, ನಮ್ಮ ಓದು, ಅಜ್ಜಿಯ ಔಷಧ, ಚರ್ಚಿನ ಸಂಡೇ ಸ್ಕೂಲು, ಕಚೇರಿ ಇವಿಷ್ಟನ್ನೂ ಅಮ್ಮ ಒಬ್ಬಳೇ ನಡೆಸಿದಳು. ನಸುಕಿನ ನಾಲ್ಕೂವರೆಗೆ ಎದ್ದು ಸತ್ಯವೇದ ಓದಿ, ಮೊಣಕಾಲೂರಿ ಪ್ರಾರ್ಥಿಸಿ, ಆಮೇಲೆ ರೊಟ್ಟಿ ಬಡಿಯಲು ಕೂರುವುದು ಆಕೆಯ ಕ್ರಮ. ಆ ಕ್ರಮ ತಪ್ಪಿದ್ದನ್ನು ಆಸ್ಪತ್ರೆಗೆ ಸೇರಿದ ದಿನದವರೆಗೆ ನಾನು ಕಂಡಿಲ್ಲ.

ಬಳ್ಳಾರಿಯ ಕ್ರೈಸ್ತ ಸಭೆಯ ಇತಿಹಾಸಕ್ಕೂ ಕನ್ನಡದ ಅಚ್ಚಿನ ಇತಿಹಾಸಕ್ಕೂ ಹತ್ತಿರದ ನಂಟಿದೆ. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಈ ಊರಿಗೆ ಬಂದು, ಕನ್ನಡ ಕಲಿತು, ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಅದೇ ಸಂಸ್ಥೆಯ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಈ ಸಂಗತಿಗಳನ್ನು ಅಮ್ಮ ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳುವಾಗ ಅನುವಾದದ ಹಿರಿಮೆಗಿಂತ ಕರಡು ತಿದ್ದಿದವರ ಶ್ರಮವನ್ನೇ ಹೆಚ್ಚು ಬಣ್ಣಿಸುತ್ತಿದ್ದಳು. ಘಟಿಕೋತ್ಸವದ ಮುಂಚಿನ ವಾರಗಳಲ್ಲಿ ಸಾವಿರಾರು ಪದವಿ ಪ್ರಮಾಣಪತ್ರಗಳ ಹೆಸರುಗಳನ್ನು ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಓದಿ ತಾಳೆ ನೋಡುತ್ತಿದ್ದವಳಿಗೆ, ಇನ್ನೂರು ವರ್ಷಗಳ ಹಿಂದೆ ಇದೇ ಊರಿನಲ್ಲಿ ಯಾರೋ ಅಚ್ಚಿನ ಹಾಳೆಯ ಮೇಲೆ ಬಗ್ಗಿ ಒಂದೊಂದೇ ಒತ್ತಕ್ಷರವನ್ನು ಪರೀಕ್ಷಿಸಿದ್ದರೆಂಬುದು ತನ್ನದೇ ಕೆಲಸದ ಕಥೆಯಾಗಿ ಕೇಳಿಸಿರಬೇಕು.

ಸಂಜೆಯ ಆರಾಧನೆಗೆ ಚರ್ಚು ತುಂಬಿತ್ತು. ಸಭಾಪಾಲಕರು ಓದಿದ ವಾಕ್ಯಭಾಗವನ್ನು ನಾವೇ ಆರಿಸಿಕೊಟ್ಟಿದ್ದೆವು: ಲೂಕನ ಸುವಾರ್ತೆಯ 18ನೇ ಅಧ್ಯಾಯ, ದೇವರಿಗೂ ಹೆದರದ, ಮನುಷ್ಯರನ್ನೂ ಲಕ್ಷಿಸದ ನ್ಯಾಯಾಧಿಪತಿಯ ಬಳಿಗೆ ನ್ಯಾಯ ಕೇಳಿಕೊಂಡು ಮತ್ತೆಮತ್ತೆ ಬರುವ ವಿಧವೆಯ ಸಾಮ್ಯ. ಬೇಸರಗೊಳ್ಳದೆ ಪ್ರಾರ್ಥಿಸಬೇಕೆಂಬುದಕ್ಕೆ ಯೇಸು ಹೇಳಿದ ಕಥೆಯಿದು. ಪ್ರಸಂಗಗಳಲ್ಲಿ ಎಲ್ಲರೂ ವಿಧವೆಯ ಛಲವನ್ನು ಹೊಗಳುತ್ತಾರೆ. ಅಮ್ಮ ಮಾತ್ರ ಇದನ್ನು ಓದಿದಾಗಲೆಲ್ಲ, "ಈ ಕಥೆಯೊಳಗ ನಾನು ಕೂತಿರೋದು ಆ ಹೆಣ್ಣುಮಗಳ ಜಾಗದಾಗ ಅಲ್ಲ, ಆ ಕುರ್ಚಿಯಾಗ" ಎನ್ನುತ್ತಿದ್ದಳು. ನಾಲ್ಕು ಸಲ ಅಲೆದು ಐದನೆಯ ಸಲಕ್ಕೆ ಕೆಲಸವಾದರೆ ಅದು ಅಲೆದವರ ನಂಬಿಕೆಗೆ ಸಂದ ಗೆಲುವಿರಬಹುದು, ಕುರ್ಚಿಯಲ್ಲಿ ಕುಳಿತವರಿಗೆ ಮಾತ್ರ ದೇವರ ಮುಂದೆ ಲೆಕ್ಕ ಒಪ್ಪಿಸಬೇಕಾದ ವಿಷಯ ಎಂಬುದು ಆಕೆ ಮಾಡಿಕೊಂಡಿದ್ದ ಅರ್ಥ. ಆಕೆಯ ಇಡೀ ಉದ್ಯೋಗಜೀವನಕ್ಕೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಸಿಕ್ಕಿಲ್ಲ.

ಶುಕ್ರವಾರ, ವಿಶ್ವವಿದ್ಯಾಲಯದ ಅಂಗಳ

ಒಗ್ಗರಣಿ ಮಿರ್ಚಿ ತಿಂದು, ಹತ್ತು ಗಂಟೆಗೆ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಆವರಣಕ್ಕೆ ಹೋದೆವು. ಅಮ್ಮನ ವಿಭಾಗದಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ಈಗ ನಿವೃತ್ತರಾಗಿರುವ ಹಿರಿಯರೊಬ್ಬರು ನಮಗಾಗಿ ಗೇಟಿನ ಬಳಿಯೇ ನಿಂತಿದ್ದರು.

ಈ ಭಾಗದ ವಿಶ್ವವಿದ್ಯಾಲಯಗಳ ವಂಶಾವಳಿಯನ್ನು ತಿಳಿಯದೆ ಅಮ್ಮನ ಕೆಲಸ ಅರ್ಥವಾಗುವುದಿಲ್ಲ. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು ಮತ್ತು ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. ಹೀಗಾಗಿ ಅತ್ತ ಕೆಲವು ಹಿರಿಯರ ಪದವಿ ಪತ್ರಗಳಲ್ಲಿ ಮದ್ರಾಸಿನ ಹೆಸರು, ಇತ್ತ ಕೆಲವರದರಲ್ಲಿ ಉಸ್ಮಾನಿಯಾದ ಹೆಸರು. ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಾಲ ಬಂತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಬೀದರ್, ಗುಲಬರ್ಗಾ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಕೊಪ್ಪಳ 1997ರಲ್ಲಷ್ಟೇ ರಾಯಚೂರಿನಿಂದ ಬೇರೆಯಾದ ಜಿಲ್ಲೆ. 2010ರಲ್ಲಿ ಬಳ್ಳಾರಿ, ಕೊಪ್ಪಳಗಳಿಗಾಗಿ ಈ ಹೊಸ ವಿಶ್ವವಿದ್ಯಾಲಯ ಹುಟ್ಟಿತು. ಕಲಬುರಗಿಯಲ್ಲಿ ನೌಕರಿ ಆರಂಭಿಸಿ, ಬಳ್ಳಾರಿಯ ಸ್ನಾತಕೋತ್ತರ ಕೇಂದ್ರಕ್ಕೆ ವರ್ಗವಾಗಿ ಬಂದಿದ್ದ ಅಮ್ಮ ಆ ವರ್ಷ ಕೂತ ಜಾಗದಲ್ಲಿಯೇ ಬೇರೊಂದು ವಿಶ್ವವಿದ್ಯಾಲಯದ ಅಧಿಕಾರಿಯಾದಳು.

ಹೊಸ ವಿಶ್ವವಿದ್ಯಾಲಯ ಬಂದಾಗ ಜನರಿಗೆ ಕಾಣಿಸುವುದು ಫಲಕ, ಕಟ್ಟಡ, ಕುಲಪತಿಗಳ ನೇಮಕ. ಕಡತಗಳ ಲೋಕದಲ್ಲಿ ನಡೆಯುವುದು ಬೇರೆಯೇ. ಹಳೆಯ ವಿದ್ಯಾರ್ಥಿಗಳ ಅಂಕವಹಿಗಳು ಹಳೆಯ ವಿಶ್ವವಿದ್ಯಾಲಯದಲ್ಲಿಯೇ ಉಳಿಯುತ್ತವೆ, ಹೊಸ ಪ್ರವೇಶದವರ ದಾಖಲೆ ಹೊಸದರಲ್ಲಿ ಶುರುವಾಗುತ್ತದೆ. ನಡುವೆ ಒಂದೆರಡು ವಿಷಯ ಉಳಿಸಿಕೊಂಡವರು ಎತ್ತ ಹೋಗಬೇಕೆಂದು ತಿಳಿಯದೆ ನಿಲ್ಲುತ್ತಾರೆ. ಕೊಪ್ಪಳದ ಹಳ್ಳಿಯೊಂದರ ಹುಡುಗನಿಗೆ ನಕಲು ಅಂಕಪಟ್ಟಿ ಬೇಕಾದರೆ ಬಳ್ಳಾರಿಗೆ ನೂರು ಕಿಲೋಮೀಟರಿನಷ್ಟು ಬಂದು, ಇಲ್ಲಿ ಅಲ್ಲ ಎಂದು ತಿಳಿದು, ಕಲಬುರಗಿಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ಹೋಗಬೇಕು. ಅಮ್ಮ ಮೊದಲು ಮಾಡಿದ ಕೆಲಸವೆಂದರೆ ಯಾವ ವರ್ಷ ಪ್ರವೇಶ ಪಡೆದವರ ದಾಖಲೆ ಎಲ್ಲಿದೆ, ಯಾವ ಅರ್ಜಿ, ಎಷ್ಟು ಶುಲ್ಕ, ಯಾರ ಸಹಿ ಎಂಬುದನ್ನು ದೊಡ್ಡ ಅಕ್ಷರಗಳ ಕನ್ನಡದಲ್ಲಿ ಒಂದೇ ಹಾಳೆಗೆ ಬರೆಸಿ ಕಿಟಕಿಯ ಹೊರಗೆ ಅಂಟಿಸಿದ್ದು, ಅದರ ಪ್ರತಿಯನ್ನು ಪ್ರತಿ ಕಾಲೇಜಿಗೂ ಟಪಾಲಿನಲ್ಲಿ ಕಳಿಸಿದ್ದು. ಇದು ಸಣ್ಣ ಕೆಲಸವೆಂದು ಭಾವಿಸುವವರು ರಾತ್ರಿ ಬಸ್ಸಿನಲ್ಲಿ ನಿಂತು ಬಂದು ಕಿಟಕಿಯೆದುರು ಇನ್ನೊಂದು ಊರಿನ ಹೆಸರು ಕೇಳಿಸಿಕೊಂಡವರಲ್ಲ.

"ಮೇಡಮ್ಮೋರು ಇವತ್ತಿನ ಟಪಾಲು ಇವತ್ತೇ ಓದ್ತಿದ್ರಮ್ಮಾ. ಆಗಲ್ಲ ಅನ್ನೋದಿದ್ರೂ ಇವತ್ತೇ ಆಗಲ್ಲ ಅಂತ ಬರೀರಿ, ಅವರು ಬೇರೆ ದಾರಿ ಹುಡುಕ್ಕೊಳ್ಳಲಿ ಅಂತಿದ್ರು" ಎಂದು ಸೂಪರಿಂಟೆಂಡೆಂಟರು ನೆನೆದರು. ಕಡತವೊಂದು ಸಹಾಯಕರ ಟಿಪ್ಪಣಿಯಿಂದ ಸೂಪರಿಂಟೆಂಡೆಂಟರಿಗೆ, ಅಲ್ಲಿಂದ ಸಹಾಯಕ ಕುಲಸಚಿವರಿಗೆ, ಉಪಕುಲಸಚಿವರಿಗೆ, ಕೊನೆಗೆ ಮೌಲ್ಯಮಾಪನ ಕುಲಸಚಿವರಿಗೆ ಹೋಗಿ, ಅದೇ ಮೆಟ್ಟಿಲುಗಳಲ್ಲಿ ಇಳಿದು ಬರುತ್ತದೆ. ಪ್ರತಿ ಮೇಜಿನ ಮೇಲೆ ಮೂರು ದಿನ ಕೂತರೂ ಸಾಕು, ಒಬ್ಬ ಹುಡುಗಿಯ ಬಿ.ಇಡಿ. ಪ್ರವೇಶದ ಗಡುವು ಮೀರುತ್ತದೆ. ಈ ಲೆಕ್ಕವನ್ನು ಅಮ್ಮ ಹೊಸದಾಗಿ ಸೇರಿದ ನೌಕರರಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದಳಂತೆ.

ಆಕೆಯ ಪ್ರಾರ್ಥನೆಯ ನೋಟುಪುಸ್ತಕವನ್ನು ನಾವು ಜೊತೆಗೆ ತಂದಿದ್ದೆವು. ಅದರಲ್ಲಿ ಸಭೆಯವರ ಕಾಯಿಲೆ, ಮದುವೆ, ಹೆರಿಗೆಗಳ ನಡುವೆ ರಿಜಿಸ್ಟರ್ ನಂಬರುಗಳಿವೆ. ನಂಬರು, ಪಕ್ಕದಲ್ಲಿ ಊರು, ಕೆಲಸ ಎಲ್ಲಿ ನಿಂತಿದೆ ಎಂಬುದಕ್ಕೆ ಒಂದೆರಡು ಪದ, ಮುಗಿದ ದಿನ ಒಂದು ಗೀಟು. ಕಚೇರಿಯ ವಿಷಯ ಮನೆಯಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಹೆಸರುಗಳನ್ನು ಬರೆದಿರಲಿಲ್ಲ. ನಸುಕಿನಲ್ಲಿ ಆಕೆ ಆ ಸಂಖ್ಯೆಗಳನ್ನು ಮೆಲುದನಿಯಲ್ಲಿ ಓದಿ ಪ್ರಾರ್ಥಿಸುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕೇಳಿ ನಾನು ಅವು ಕೀರ್ತನೆಗಳ ಸಂಖ್ಯೆಗಳೆಂದು ತಿಳಿದಿದ್ದೆ. ಸೂಪರಿಂಟೆಂಡೆಂಟರು ಪುಟ ತಿರುವುತ್ತ ಕೆಲವು ನಂಬರುಗಳ ಮೇಲೆ ಬೆರಳಿಟ್ಟು, ಇದು ಸಂಡೂರಿನ ಹುಡುಗನದು, ಇದು ಯಲಬುರ್ಗಾದ್ದು ಎಂದು ಹೇಳುತ್ತ ಹೋದರು.

ಕರುಣೆಯಿದ್ದವರು ನಿಯಮವನ್ನು ಸಡಿಲಿಸುತ್ತಾರೆ ಎಂಬ ಗ್ರಹಿಕೆ ನಮ್ಮಲ್ಲಿದೆ. ಅಮ್ಮನ ವಿಷಯದಲ್ಲಿ ಅದು ನಿಜವಲ್ಲ. ಚರ್ಚಿನ ಹಿರಿಯರೊಬ್ಬರು ಮಗನ ಅಂಕಗಳ ವಿಷಯವಾಗಿ ಒಂದು ರಾತ್ರಿ ಮನೆಗೆ ಬಂದಿದ್ದರು. ಅಮ್ಮ ಅವರಿಗೆ ಚಹಾ ಕೊಟ್ಟು, ಉತ್ತರಪತ್ರಿಕೆಯ ಜೆರಾಕ್ಸ್ ಪ್ರತಿಗೆ ಅರ್ಜಿ ಹಾಕುವುದು, ಅದನ್ನು ಅಧ್ಯಾಪಕರಿಗೆ ತೋರಿಸಿ ಮರುಮೌಲ್ಯಮಾಪನ ಕೇಳುವುದು ಇವೆರಡನ್ನೂ ತಾಳ್ಮೆಯಿಂದ ವಿವರಿಸಿ, ಇದರಾಚೆಗೆ ತನ್ನ ಕೈಯಲ್ಲಿ ಏನೂ ಇಲ್ಲವೆಂದಳು. ಅವರು ಬಹಳ ಕಾಲ ನಮ್ಮ ಮನೆಗೆ ಬರಲಿಲ್ಲ. ಪ್ರತಿ ಕ್ರಿಸ್ಮಸ್ಸಿಗೆ ಕರ್ಜಿಕಾಯಿ, ಚಕ್ಕುಲಿಯ ತಟ್ಟೆಯನ್ನು ಅಮ್ಮ ತಾನೇ ಅವರ ಮನೆಗೆ ಒಯ್ದು ಕೊಟ್ಟು ಬರುತ್ತಿದ್ದಳು. ಗುರುವಾರದ ಆರಾಧನೆಯಲ್ಲಿ ಆಕೆಗಾಗಿ ಮೊದಲು ಎದ್ದು ಪ್ರಾರ್ಥಿಸಿದವರು ಅವರೇ.

ಇದರ ಬೆಲೆಯನ್ನು ಮನೆಯವರು ತೆತ್ತದ್ದನ್ನೂ ಹೇಳಬೇಕು. ಪರೀಕ್ಷೆ, ಮೌಲ್ಯಮಾಪನಗಳ ತಿಂಗಳುಗಳಲ್ಲಿ ಅಮ್ಮ ರಾತ್ರಿ ಒಂಬತ್ತರ ಮೊದಲು ಮನೆಗೆ ಬಂದದ್ದು ಕಡಿಮೆ. ನಾನು ಪರೀಕ್ಷೆ ಬರೆಯುತ್ತಿದ್ದ ದಿನಗಳಲ್ಲಿ ಆಕೆ ಬೇರೆಯವರ ಮಕ್ಕಳ ಪರೀಕ್ಷೆ ನಡೆಸುತ್ತಿದ್ದಳು. ಊಟ ಬಡಿಸಿದವಳು ಅಜ್ಜಿ. ಆ ಕೊರತೆ ನಿಜವಾದದ್ದು, ಅದನ್ನು ಆಕೆಯ ಹಿರಿಮೆಯ ಹೊದಿಕೆಯಿಂದ ಮುಚ್ಚಲು ನನಗೆ ಮನಸ್ಸಿಲ್ಲ. ಆಕೆಗೂ ಅದು ಗೊತ್ತಿತ್ತು. ಎಷ್ಟೇ ತಡವಾಗಿ ಬಂದರೂ ನಮ್ಮ ಹಾಸಿಗೆಯ ಬಳಿ ಕೂತು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಆ ದಿನ ನಡೆದದ್ದೆಲ್ಲವನ್ನೂ ಕೇಳಿದ ಮೇಲೆಯೇ ಊಟಕ್ಕೆ ಕೂರುತ್ತಿದ್ದಳು.

ಮಧ್ಯಾಹ್ನ ಸಿರುಗುಪ್ಪದ ದಾರಿ ಹಿಡಿದು, ದಢೇಸುಗೂರಿನ ಬಳಿ ತುಂಗಭದ್ರೆಯನ್ನು ದಾಟಿ, ಸಿಂಧನೂರು, ಮಾನ್ವಿಗಳ ಮೇಲೆ ರಾಯಚೂರು ತಲುಪುವಾಗ ಕತ್ತಲಾಗಿತ್ತು. ಭತ್ತದ ಕಟಾವಿನ ಕಾಲ. ರಸ್ತೆಯ ಅಂಚಿನುದ್ದಕ್ಕೂ ಭತ್ತ ಹರವಿದ್ದರು.

ಶನಿವಾರ, ರಾಯಚೂರು

ಅಮ್ಮ ಹುಟ್ಟಿದ್ದು ರಾಯಚೂರಿನ ಮೆಥಡಿಸ್ಟ್ ಕುಟುಂಬವೊಂದರಲ್ಲಿ. ತಾತ ಮಿಷನ್ ಶಾಲೆಯ ಮಾಸ್ತರರು. ಮದುವೆಯಾಗಿ ಬಳ್ಳಾರಿಗೆ ಬಂದ ಮೇಲೆ ಅಮ್ಮ ದಕ್ಷಿಣ ಭಾರತ ಸಭೆಗೆ (ಸಿ.ಎಸ್.ಐ. ಚರ್ಚಿಗೆ) ಸೇರಿದಳಾದರೂ, ಹಾಡುವಾಗ ಆಕೆಯ ರಾಗಗಳು ಕೊನೆಯವರೆಗೂ ರಾಯಚೂರಿನವೇ ಆಗಿದ್ದವು. ತೀನ್ ಕಂದೀಲ್ ವೃತ್ತದಿಂದ ಸ್ವಲ್ಪ ದೂರದಲ್ಲಿ ಚಿಕ್ಕಮ್ಮನ ಮನೆ. ಚಿಕ್ಕಮ್ಮ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿ ಕಾದಿದ್ದಳು.

ಅಮ್ಮನ ಸ್ವಭಾವದ ಬೇರು ಇಲ್ಲಿದೆ ಎಂದು ನನಗೆ ಮನದಟ್ಟಾದದ್ದು ಚಿಕ್ಕಮ್ಮ ಹೇಳಿದ ತಾತನ ಕಥೆಯಿಂದ. ನಿಜಾಮರ ಕಾಲದಲ್ಲಿ ಓದಿದ ತಾತನ ಶಾಲಾ ಪ್ರಮಾಣಪತ್ರ ಉರ್ದುವಿನಲ್ಲಿತ್ತು. ಸೇವಾ ಪುಸ್ತಕ ಇಂಗ್ಲಿಷಿನಲ್ಲಿ. ರಾಜ್ಯಗಳ ವಿಲೀನವಾದ ನಂತರದ ಕಾಗದಗಳು ಕನ್ನಡದಲ್ಲಿ. ದೀಕ್ಷಾಸ್ನಾನದ ಹೆಸರು, ಮನೆತನದ ಹೆಸರು, ತಂದೆಯ ಹೆಸರು ಮೂರೂ ಕಡೆ ಮೂರು ರೀತಿಯಲ್ಲಿ ಬರೆಯಲ್ಪಟ್ಟಿದ್ದವು. ನಿವೃತ್ತಿಯಾದಾಗ ಈ ಮೂವರೂ ಒಬ್ಬನೇ ಮನುಷ್ಯನೆಂದು ರುಜುವಾತುಪಡಿಸುವವರೆಗೆ ಪಿಂಚಣಿ ಬರಲಿಲ್ಲ. "ನಮ್ಮಪ್ಪ ತನ್ನ ಹೆಸರಿಗೋಸ್ಕರನ ಕಚೇರಿ ಕಚೇರಿ ತಿರುಗ್ಯಾನ ನೋಡವ್ವ. ಕಾಗದದ ಚೀಲ ಹಿಡ್ಕೊಂಡು ನಿಮ್ಮವ್ವನೇ ಜೋಡಿ ಹೋಗ್ತಿದ್ಲು. ಆಕಿಗೆ ಆವಾಗಿನ್ನಾ ಹದಿನಾರೋ ಹದಿನೇಳೋ" ಎಂದಳು ಚಿಕ್ಕಮ್ಮ. ಈ ಕಥೆಯನ್ನು ಅಮ್ಮ ನಮಗೆ ಎಂದೂ ಹೇಳಿರಲಿಲ್ಲ. ಪ್ರಮಾಣಪತ್ರಗಳ ಹೆಸರು ತಾಳೆ ನೋಡುವ ಕೆಲಸವನ್ನು ಅಧಿಕಾರಿಯಾದ ಮೇಲೂ ಕೆಳಗಿನವರಿಗೆ ಬಿಡದೆ ತಾನೇ ಕೂತು ಮಾಡುತ್ತಿದ್ದುದಕ್ಕೆ ಕಾರಣ ಕೇಳಿದವರಿಗೆಲ್ಲ, ಅದು ತನ್ನ ಅಭ್ಯಾಸ ಎಂದಷ್ಟೇ ಹೇಳಿದ್ದಳು.

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಚರ್ಚಿನ ಹೆಂಗಸರ ಕೂಟದಲ್ಲಿ ಸತ್ಯವೇದದ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಕಲಿತವಳು ಆಕೆ. ತಾಯಿಗೆ ಪಾಠ ಹೇಳಿಕೊಟ್ಟವಳೂ ಅಮ್ಮನೇ. ರಾತ್ರಿ ಪ್ರಾರ್ಥನೆಯ ವೇಳೆ ಅಜ್ಜಿ 23ನೇ ಕೀರ್ತನೆಯನ್ನು ಬೆರಳಿಟ್ಟು ಓದಿ ಮುಗಿಸಿದ ದಿನ ತಾತ ಇಡೀ ಓಣಿಗೆ ಸಕ್ಕರೆ ಹಂಚಿದ್ದರಂತೆ.

ಮಧ್ಯಾಹ್ನ ಯರಗೇರಾಕ್ಕೆ ಹೋದೆವು. ಅಮ್ಮ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿದ್ದಾಗ ಇದು ಅದರ ಸ್ನಾತಕೋತ್ತರ ಕೇಂದ್ರ. ಪರೀಕ್ಷಾ ಕೆಲಸಕ್ಕೆ ಆಕೆ ಇಲ್ಲಿಗೆ ಬಂದು ಹೋಗಿ ಮಾಡಿದ್ದಾಳೆ. 2021ರಲ್ಲಿ ಕಾರ್ಯಾರಂಭ ಮಾಡಿದ ರಾಯಚೂರು ವಿಶ್ವವಿದ್ಯಾಲಯಕ್ಕೆ ಈಗ ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿಯವರ ಹೆಸರಿದೆ. ರಾಯಚೂರಿಗೂ ಒಂದು ವಿಶ್ವವಿದ್ಯಾಲಯ ಬೇಕೆಂಬುದು ಆಕೆಯ ಬಹುದಿನದ ಆಸೆಯಾಗಿತ್ತು. ಆ ಸುದ್ದಿಯ ಪತ್ರಿಕೆಯನ್ನು ಕತ್ತರಿಸಿ ಸತ್ಯವೇದದೊಳಗೆ ಇಟ್ಟುಕೊಂಡಿದ್ದಳು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹತ್ತಿಯ ಲಾರಿಗಳನ್ನು ಹಿಂದಿಕ್ಕುತ್ತ ರಾತ್ರಿಗೆ ಲಿಂಗಸೂಗೂರು ಸೇರಿದೆವು.

ಭಾನುವಾರ, ಮುದಗಲ್ಲು ಮತ್ತು ಕೊಪ್ಪಳ

ಆಗಮನ ಕಾಲದ ಮೊದಲ ಭಾನುವಾರ. ಮುದಗಲ್ಲಿನ ಕ್ಯಾಥೋಲಿಕ್ ಚರ್ಚಿನಲ್ಲಿ ಬೆಳಗಿನ ಬಲಿಪೂಜೆಗೆ ಕುಳಿತೆವು. ಇಲ್ಲಿಯ ಕ್ರೈಸ್ತ ಸಮುದಾಯ 16ನೇ ಶತಮಾನದಷ್ಟು ಹಳೆಯದು. ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯ ಕಾಲದಿಂದ ಬಂದದ್ದು. ಕಾಲೇಜುಗಳಿಗೆ ವಿಶ್ವವಿದ್ಯಾಲಯದ ಸಂಯೋಜನೆ, ಅಂದರೆ ಮಾನ್ಯತೆ, ಕೊಡುವ ವಿಷಯವಾಗಿ ಪರಿಶೀಲನೆಗೆ ಬರುವ ಸ್ಥಳೀಯ ವಿಚಾರಣಾ ಸಮಿತಿಯ ಜೊತೆ ಈ ಕಡೆ ಬಂದಾಗ ಅಮ್ಮ ಇಲ್ಲಿ ಹತ್ತು ನಿಮಿಷ ಕೂತು ಹೋಗುತ್ತಿದ್ದಳು. ಅದೇ ಭೇಟಿಗಳಲ್ಲಿ ಕಾಲೇಜಿನವರು ತೋರಿಸುವ ಪ್ರಯೋಗಾಲಯ, ಗ್ರಂಥಾಲಯಗಳನ್ನು ಸಮಿತಿಯ ಸದಸ್ಯರು ನೋಡುತ್ತಿದ್ದರೆ, ಅಮ್ಮ ಮೊದಲು ಹುಡುಗಿಯರ ಶೌಚಾಲಯಕ್ಕೆ ಹೋಗಿ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ನೋಡುತ್ತಿದ್ದಳೆಂದು ಸೂಪರಿಂಟೆಂಡೆಂಟರು ಹೇಳಿದ್ದು ನೆನಪಾಯಿತು.

ಕುಷ್ಟಗಿಯ ಮೇಲೆ ಮಧ್ಯಾಹ್ನದ ಹೊತ್ತಿಗೆ ಕೊಪ್ಪಳ ತಲುಪಿದೆವು. ಇಲ್ಲಿ ನಮಗಾಗಿ ಕಾದಿದ್ದವರು ಪ್ರೌಢಶಾಲೆಯ ಶಿಕ್ಷಕಿಯೊಬ್ಬರು. ಅಮ್ಮನ ನಿಧನದ ಸುದ್ದಿ ತಿಳಿದು ಅವರೇ ನಮ್ಮ ನಂಬರು ಹುಡುಕಿ ಕರೆ ಮಾಡಿದ್ದರು. ನೋಟುಪುಸ್ತಕದಲ್ಲಿ ಅವರ ರಿಜಿಸ್ಟರ್ ನಂಬರಿದೆ. ಪಕ್ಕದಲ್ಲಿ "ಆಂತರಿಕ ಅಂಕ ಬಂದಿಲ್ಲ" ಎಂದಿದೆ.

ಅವರ ಪದವಿಯ ಕೊನೆಯ ಫ‌ಲಿತಾಂಶವನ್ನು ತಡೆಹಿಡಿಯಲಾಗಿತ್ತು. ಕಾಲೇಜಿನಿಂದ ಆಂತರಿಕ ಅಂಕಗಳ ಪಟ್ಟಿ ಹೋಗಿರಲಿಲ್ಲ, ಬಿ.ಇಡಿ. ದಾಖಲಾತಿಗೆ ಉಳಿದಿದ್ದದ್ದು ಕೆಲವೇ ದಿನ. ಎ.ಪಿ.ಎಂ.ಸಿ.ಯಲ್ಲಿ ಹಮಾಲಿಯಾಗಿದ್ದ ತಂದೆ ಮಗಳನ್ನು ಕರೆದುಕೊಂಡು ರೈಲು ಹತ್ತಿ ಬಳ್ಳಾರಿಗೆ ಬಂದರು. ಅಮ್ಮ ಕಾಲೇಜಿಗೆ ಫೋನು ಮಾಡಿ, ಪಟ್ಟಿಯನ್ನು ಮರುದಿನ ಬೆಳಗಿನ ಬಸ್ಸಿಗೆ ಗುಮಾಸ್ತರ ಕೈಯಲ್ಲಿಯೇ ಕಳಿಸುವಂತೆ ಹೇಳಿ, ಇವರಿಬ್ಬರನ್ನೂ ಸಂಜೆ ಮನೆಗೆ ಕರೆತಂದಳು. ಆ ರಾತ್ರಿ ನನಗೂ ನೆನಪಿದೆ: ಕುರ್ಚಿಯ ಮೇಲೆ ಕೂರಲು ಒಪ್ಪದೆ ಬಾಗಿಲ ಬಳಿ ನಿಂತಿದ್ದ ಹಿರಿಯರು, ಅವರೊಂದಿಗೆ ನೆಲದ ಮೇಲೆಯೇ ಕೂತು ಊಟಕ್ಕೆ ಬಡಿಸಿದ ಅಮ್ಮ.

"ಉಂಡ ಮ್ಯಾಲೆ ನಿಮ್ಮ ತಾಯಿಯವ್ರು, ನಾವು ಮಲಗೋಕಿಂತ ಮುಂಚೆ ಪ್ರಾರ್ಥನೆ ಮಾಡ್ತೀವಿ, ನಿಮ್ಮ ಮಗಳ ಸಲುವಾಗಿನೂ ಮಾಡ್ಲೇನ್ರೀ ಅಂತ ಕೇಳಿದ್ರು. ನಮ್ಮಪ್ಪ ಗವಿಸಿದ್ದಪ್ಪಜ್ಜನ ಭಕ್ತ. ಮಾಡ್ರಿ ಯವ್ವಾ, ಕೇಳಾವ ಎಲ್ಲಾ ಕಡೆ ಒಬ್ಬನ ಅದಾನ ಅಂದ" ಎಂದರು ಶಿಕ್ಷಕಿ. ಮರುದಿನ ಪಟ್ಟಿ ಬಂತು, ಅಂಕಗಳು ದಾಖಲಾದವು, ಸಂಜೆಯ ರೈಲಿಗೆ ಹೊರಡುವಾಗ ಫಲಿತಾಂಶದ ಪತ್ರ ಅವರ ಕೈಯಲ್ಲಿತ್ತು. ತಂದೆ ಚೀಲದಿಂದ ಸಜ್ಜೆ ತೆಗೆದು ಅಮ್ಮನ ಮೇಜಿನ ಮೇಲಿಟ್ಟರೆ, ಆಕೆ ಕಚೇರಿಯಲ್ಲಿ ಏನನ್ನೂ ತೆಗೆದುಕೊಳ್ಳುವಂತಿಲ್ಲವೆಂದು ಕೈಮುಗಿದು ಹಿಂತಿರುಗಿಸಿದಳಂತೆ. ಅದರಿಂದ ತಂದೆಗೆ ನೋವಾಯಿತೆಂದು ಶಿಕ್ಷಕಿ ಮುಚ್ಚುಮರೆಯಿಲ್ಲದೆ ಹೇಳಿದರು. ನನಗೂ ಆ ಸಜ್ಜೆಯನ್ನು ಆಕೆ ಮನೆಯಲ್ಲಾದರೂ ಸ್ವೀಕರಿಸಬಹುದಿತ್ತೆಂದು ಅನ್ನಿಸಿತು. ಅಮ್ಮ ಅದಕ್ಕೂ ಒಪ್ಪುತ್ತಿರಲಿಲ್ಲ.

ಹೊರಡುವ ಹೊತ್ತಿಗೆ ಶಿಕ್ಷಕಿ ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕರೆದರು. ಪದವಿಯ ಅಂಕಪಟ್ಟಿಯಲ್ಲಿ ಅವಳ ತಂದೆಯ ಹೆಸರು ತಪ್ಪಾಗಿ ಅಚ್ಚಾಗಿದೆ. 2023ರಲ್ಲಿ ಆರಂಭವಾದ ಕೊಪ್ಪಳ ವಿಶ್ವವಿದ್ಯಾಲಯ ತಳಕಲ್ಲಿನಲ್ಲಿದೆ, ಇಲ್ಲಿಂದ ಹತ್ತಿರ. ಆದರೆ ಆಕೆ ಪ್ರವೇಶ ಪಡೆದದ್ದು 2021ರಲ್ಲಿ, ಅವಳ ದಾಖಲೆಗಳು ಬಳ್ಳಾರಿಯವು. ನಾವು ಸೋಮವಾರ ಹೇಗೂ ಬಳ್ಳಾರಿಯಲ್ಲಿರುವವರು. ತಮ್ಮ ಅಲ್ಲಿಂದಲೇ ಸೂಪರಿಂಟೆಂಡೆಂಟರಿಗೆ ಫೋನು ಮಾಡಿದ. ಹೆಸರಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಆಧಾರ, ಅದರ ಪ್ರತಿಯ ಮೇಲೆ ಪ್ರಾಂಶುಪಾಲರ ದೃಢೀಕರಣ ಬೇಕು, ತಿದ್ದಬೇಕಾದ ಅಂಕಪಟ್ಟಿಯ ಮೂಲ ಪ್ರತಿಯನ್ನೇ ಲಗತ್ತಿಸಬೇಕು ಎಂದು ಅವರು ಒಂದೊಂದಾಗಿ ಹೇಳಿದ್ದನ್ನು ಹುಡುಗಿ ಬರೆದುಕೊಂಡಳು. ಪ್ರಾಂಶುಪಾಲರ ಮನೆ ಅದೇ ಬಡಾವಣೆಯಲ್ಲಿತ್ತು. ಶಿಕ್ಷಕಿ ಅವಳನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಸಹಿಗೆ ಹೋದರು. "ನಾಳೆ ಹತ್ತೂವರೆಗೆ ಕಿಟಕಿ ತೆಗೀತಾರೆ, ನಾನೂ ಬಂದಿರ್ತೀನಿ" ಎಂದು ಸೂಪರಿಂಟೆಂಡೆಂಟರು ಫೋನು ಇಟ್ಟರು.